ಕಡಾಯಿ ಮುಂದಿನ ಹದಿನೆಂಟು ನಿಮಿಷ

ನಿಧನ ವಾರ್ತೆಗೆ ನಮ್ಮ ಪತ್ರಿಕೆಯಲ್ಲಿ ಆರು ಸಾಲು. ಹೆಸರು, ವಯಸ್ಸು, ಊರು, ಮಾಡಿದ ಕೆಲಸ, ಇರುವ ಬಂಧುಗಳು, ಅಂತ್ಯಕ್ರಿಯೆಯ ಹೊತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬರುವ ಇಂಥ ಸುದ್ದಿಗಳನ್ನು ಅಳತೆಗೆ ಇಳಿಸುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ‘ಅಪಾರ’ ಎಂಬ ಪದ ಕಂಡಲ್ಲಿ ಪೆನ್ನು ತಾನಾಗಿ ಹೊಡೆದುಹಾಕುತ್ತದೆ.

ಕಳೆದ ತಿಂಗಳು ತಾಳಿಕೋಟೆಯಿಂದ ಬಂದ ಒಬ್ಬ ಶಿಕ್ಷಕಿ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಹಾಸ್ಟೆಲ್ ವಾರ್ಡನ್ ಆಗಿದ್ದವರು, ಅರವತ್ತೊಂದು ವರ್ಷ, ‘ಅಪಾರ ವಿದ್ಯಾರ್ಥಿನಿಯರನ್ನು ಅಗಲಿದ್ದಾರೆ’. ಆ ಪದದ ಮೇಲೆ ಪೆನ್ನು ಇಟ್ಟವನು ಮೇಲಿನ ಸಾಲಿನಲ್ಲಿದ್ದ ಹೆಸರು ನೋಡಿ ನಿಂತೆ.

“ಫೋಟೋ ತಂದಿಲ್ಲೇನ್ರಿ?” ಎಂದೆ.

“ನಿಮ್ಮ ಹತ್ರ ಒಂದ ಐತೆಲ್ರಿ ಸರ್,” ಎಂದರು ಆಕೆ. “ಅದರಾಗ ನಾನೂ ಅದೇನಿ. ಎಡಕ್ಕ, ತಲಿ ಬಗ್ಗಿಸಿ ಕುಂತೇನಿ ನೋಡ್ರಿ.”

ಆ ಫೋಟೋ ಒಂಬತ್ತು ವರ್ಷಗಳ ಹಿಂದೆ ನಾನು ತೆಗೆದದ್ದು. ತೀರಿಹೋದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಹೆಚ್ಚಾಯಿತು. ಹುಡುಗಿಯರು ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅಕ್ಕೋರಿಗೆ ನನ್ನಿಂದ ಬೇಕಾಗಿದ್ದದ್ದು ಒಂದೇ: ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ. ಅವರು ಬದುಕಿದ್ದಾಗ ನಾನು ಅದನ್ನು ಹಾಕಲಿಲ್ಲ.

ಒಂದು ಟ್ರಸ್ಟ್ ಮೊದಲು ಹೇಳಿದ ಆ ನಾಲ್ಕೂ ಊರುಗಳಲ್ಲಿ ಹೈಸ್ಕೂಲು ಹುಡುಗಿಯರಿಗಾಗಿ ಸಣ್ಣ ಹಾಸ್ಟೆಲ್‌ಗಳನ್ನು ನಡೆಸುತ್ತಿತ್ತು. ಅಕ್ಕೋರು ನಾಲ್ಕರಲ್ಲೂ ಇದ್ದವರು. ನಾನು ಅವರನ್ನು ಮೊದಲು ಕಂಡದ್ದು ಸಿಂದಗಿಯಲ್ಲಿ, ಹತ್ತನೇ ತರಗತಿಯ ಫಲಿತಾಂಶದ ದಿನ. ಕುರ್ಚಿ ತೋರಿಸಿ ನನ್ನನ್ನು ಕೂರಿಸಿದರು, ತಾವು ಕೂರಲಿಲ್ಲ. ಮಾತಾಡುತ್ತಲೇ ಕಿಟಕಿಯ ಚಿಲಕ ಸರಿಮಾಡಿದರು, ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿದರು, ಹೊರಗೆ ಹೋಗಿ ನಲ್ಲಿ ನಿಲ್ಲಿಸಿ ಬಂದರು. ಸೊಂಟದಲ್ಲಿ ಕೀಲಿಕೈ ಗೊಂಚಲು. ಹುಡುಗಿಯರು ಅದರ ಸದ್ದಿನಿಂದಲೇ ಅಕ್ಕೋರು ಯಾವ ಕೋಣೆಯಲ್ಲಿದ್ದಾರೆಂದು ಹೇಳುತ್ತಿದ್ದರಂತೆ. ಊಟವನ್ನೂ ನಿಂತೇ ಮಾಡುತ್ತಿದ್ದರು, ಎಡಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೇ ಪಲ್ಯ.

“ಅಕ್ಕೋರ, ಒಂದ ನಿಮಿಷ ಕುಂದರ್ರಿ,” ಎಂದರೆ, “ಕುಂದ್ರೂದು ಅಂದ್ರ ನನಗ ಶಿಕ್ಷಾ ಕೊಟ್ಟಂಗ್ರಿ. ಕುಂತ್ರ ಕಾಲು ಕೇಳತಾವು, ಯಾಕ ಕುಂತಿ ಅಂತ,” ಎನ್ನುತ್ತಿದ್ದರು.

ಹಾಸ್ಟೆಲ್‌ನ ಅಡುಗೆಯ ಆಯಿ ನಾಲ್ಕು ಗಂಟೆಗೆ ರೊಟ್ಟಿ ತಟ್ಟಿಟ್ಟು, ಬೇಳೆ ಮಾಡಿಟ್ಟು ಮನೆಗೆ ಹೋಗಿಬಿಡುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿ ಅದು ಕಷ್ಟ. ಏಳಕ್ಕೆ ಉಂಡ ಹುಡುಗಿಯರು ಎಂಟಕ್ಕೆ ಪುಸ್ತಕದ ಮೇಲೆ ತೂಕಡಿಸುತ್ತಿದ್ದರು. ಕೆಲವರು ಆರಿದ ರೊಟ್ಟಿ ಬೇಡವೆಂದು ಉಪವಾಸ ಮಲಗುತ್ತಿದ್ದರು. ಹಗುರವಾದದ್ದು, ಬಿಸಿಯಾದದ್ದು, ಒಬ್ಬಳೇ ಮಾಡಿ ಒಬ್ಬಳೇ ತೊಳೆಯಬಹುದಾದದ್ದು ಏನಾದರೂ ಬೇಕು ಎಂದು ಅಕ್ಕೋರು ಹುಡುಕಾಡುತ್ತಿದ್ದರು. ಅದೇ ಹೊತ್ತಿಗೆ ಹಲಸಂಗಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ದೇಶದ ಮುದುಕಿ ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಗೀರಿದ ಹಲಗೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯುತ್ತಾಳೆ, ಅದು ಚಿಪ್ಪಿನಂತೆ ಸುರುಳಿಯಾಗುತ್ತದೆ. ಹೆಸರು ಪಾಸ್ತಾ.

ಮುಂದೆ ಒಮ್ಮೆ ಅಕ್ಕೋರೇ ನನಗಿದನ್ನು ಹೇಳಿದರು. “ಆಕಿ ಮಾತು ಒಂದೂ ತಿಳೀಲಿಲ್ರಿ. ಹೆಬ್ಬೆರಳು ತಿಳೀತು. ನಮ್ಮವ್ವನ ಹೆಬ್ಬೆರಳ ಅದು.”

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಗ್ನ ಗೊತ್ತಾದ ಮನೆಯಲ್ಲಿ ಮಧ್ಯಾಹ್ನ ಹೆಂಗಸರು ಸುತ್ತ ಕುಳಿತು ಗವಲಿ ಮಾಡುತ್ತಾರೆ. ರವೆ ನಾದಿದ ಹಿಟ್ಟನ್ನು ಜೋಳದಷ್ಟು ಚಿವುಟಿ, ತಲೆ ಬಾಚುವ ಹೊಸ ಹಣಿಗೆಯ ಹಲ್ಲಿನ ಮೇಲೆ ಒತ್ತಿದರೆ ಗೀರು ಗೀರಿನ ಸಣ್ಣ ಚಿಪ್ಪು. ಒಣಗಿಸಿ ಡಬ್ಬಿ ತುಂಬಿ ಮದುಮಗಳ ಜೊತೆ ಕಳಿಸುತ್ತಾರೆ. ಬೆಲ್ಲ, ಹಾಲು ಹಾಕಿ ಪಾಯಸ ಮಾಡುತ್ತಾರೆ. ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ.

ಅಕ್ಕೋರು ಮುಟ್ಟಿದರು. “ಬೆಲ್ಲ ಬಿಡ್ರಿ, ಬಳ್ಳೊಳ್ಳಿ ಹಾಕೂಣು,” ಎಂದರು. ಬೆಳ್ಳುಳ್ಳಿಯ ಹೆಸರು ಕೇಳಿ ಆಯಿ ಸೆರಗು ಬಾಯಿಗೆ ಒತ್ತಿಕೊಂಡಳಂತೆ.

“ಲಗ್ನದ ಗವಲಿಗಿ ಬಳ್ಳೊಳ್ಳಿ ಒಗ್ಗರಣಿ! ಅಕ್ಕೋರ, ನಿಮಗ ಮೈಯಾಗ ಆರಾಮ ಐತಿಲ್ಲೋ?”

“ಆರಾಮ ಐತಿ. ಇಪ್ಪತ್ತ ಹುಡುಗ್ಯಾರು ಉಪವಾಸ ಮಲಗತಾರ, ಅದಕ್ಕ ಆರಾಮ ಇಲ್ಲ.”

ಮೊದಲ ಸಲ ಆಯಿಗೇ ಮಾಡಲು ಹೇಳಿದರು. ಆಕೆ ಗವಲಿಯನ್ನು ನೀರಿನಲ್ಲಿ ಕುದಿಸಿ, ಹೋಳಿಗೆಯ ಬೇಳೆ ಬಸಿದಂತೆ ಬಸಿದು, ಬಸಿದ ನೀರಿಗೆ ಹುಣಸೆಹುಳಿ, ಮಸಾಲೆ ಹಾಕಿ ಕಟ್ಟಿನ ಸಾರು ಮಾಡಿಟ್ಟಳು. ನಮ್ಮ ಕಡೆ ಕಟ್ಟು ಚೆಲ್ಲುವ ಹೆಂಗಸು ಹುಟ್ಟಿಲ್ಲ. ಗವಲಿ ಮಾತ್ರ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಅಕ್ಕೋರು ಬೈಯಲಿಲ್ಲ. ಆ ಸಾರನ್ನು ಎರಡು ದಿನ ತಾವೇ ಉಂಡರು. “ಸಾರು ಚಲೋ ಆಗಿತ್ತು ಆಯಿ. ಆದ್ರ ಪಾಸ್ತಾದ ಜೀವ ಎಲ್ಲಾ ಸಾರಿನ್ಯಾಗ ಹೋತು,” ಎಂದರಂತೆ. ಆಮೇಲೆ ಒಲೆ ಮುಂದೆ ತಾವೇ ನಿಂತರು.

ಅಳತೆ ಅವರೇ ಕಂಡುಹಿಡಿದರು. ಒಂದು ಬಟ್ಟಲು ಗವಲಿಗೆ ಎರಡೂವರೆ ಬಟ್ಟಲು ನೀರು. ಬಸಿಯುವುದಿಲ್ಲ. ಆ ನೀರೇ ಕಡಾಯಿಯಲ್ಲಿ ಕುದಿದು ಮಂದವಾಗಿ ಗವಲಿಗೆ ಹಿಡಿದುಕೊಳ್ಳಬೇಕು. ಹಿಟ್ಟು ತಳ ಹಿಡಿಯದಂತೆ ಕೈ ಆಡಿಸುತ್ತಲೇ ಇರಬೇಕು. ಬಿಟ್ಟರೆ ಹತ್ತುತ್ತದೆ, ಒಮ್ಮೆ ಹತ್ತಿದರೆ ಇಪ್ಪತ್ತು ತಾಟಿಗೂ ಹೊಗೆಯ ವಾಸನೆ. ಅದಕ್ಕೆ ಹದಿನೆಂಟು ನಿಮಿಷ ಬೇಕು. ಇಡೀ ದಿನದಲ್ಲಿ ಅಕ್ಕೋರು ಒಂದು ಜಾಗದಲ್ಲಿ ಕದಲದೆ ನಿಲ್ಲುತ್ತಿದ್ದುದು ಆ ಹದಿನೆಂಟು ನಿಮಿಷ ಮಾತ್ರ. ಕೀಲಿಕೈ ಸದ್ದು ನಿಂತಿತೆಂದರೆ ಹುಡುಗಿಯರು ತಾಟು ತೊಳೆದುಕೊಳ್ಳಲು ಏಳುತ್ತಿದ್ದರು.

ಗವಲಿಯನ್ನು ಹುಡುಗಿಯರೇ ಒತ್ತುತ್ತಿದ್ದರು. ಯಾರೂ ಹೇಳಿದ್ದಲ್ಲ. ಭಾನುವಾರ ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಗುಂಡಗೆ ಕುಳಿತು, ಹಣಿಗೆ ಹಿಡಿದು, ಯಾರ ಗವಲಿ ಸಣ್ಣ, ಯಾರದು ಕಂಬಳಿಹುಳದ ಹಾಗಿದೆ ಎಂದು ಜಗಳವಾಡುತ್ತ. ಅವರ ಅವ್ವಂದಿರು ಮಾಡುತ್ತಿದ್ದುದೂ ಹಾಗೆಯೇ. ನನ್ನ ಅವ್ವ, ನನ್ನ ಅಕ್ಕಂದಿರು ಮಾಡುತ್ತಿದ್ದುದೂ ಹಾಗೆಯೇ.

ಇನ್ನು ನನ್ನ ವರದಿಗೆ ಬರುತ್ತೇನೆ.

ಫೋಟೋ ತೆಗೆದ ಆ ಭಾನುವಾರ ಸಿಂದಗಿಯಲ್ಲಿ ನನಗೆ ಬೇರೆ ಕೆಲಸವಿತ್ತು. ಮುಗಿಯುವಾಗ ಸಂಜೆ ಐದೂ ಕಾಲು. ಐದೂವರೆಗೆ ತಾಳಿಕೋಟೆ ಬಸ್ಸು, ಅಲ್ಲಿಂದ ಮುದ್ದೇಬಿಹಾಳ. ಪುಟಕ್ಕೆ ಒಂದು ಸುದ್ದಿ ಕಡಿಮೆ ಇದೆ ಎಂದು ಡೆಸ್ಕಿನಿಂದ ಎರಡು ಸಲ ಫೋನು ಬಂದಿತ್ತು. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಹಾಸ್ಟೆಲ್. ಗೇಟಿನಿಂದ ನೋಡಿದರೆ ಹತ್ತು ಹನ್ನೆರಡು ಹುಡುಗಿಯರು ಬಗ್ಗಿ ಕುಳಿತು ಹಿಟ್ಟು ಒತ್ತುತ್ತಿದ್ದಾರೆ, ಮುಂದೆ ಮೊರಗಳು, ಪಕ್ಕದಲ್ಲಿ ಮುಚ್ಚಿದ ಪುಸ್ತಕಗಳು. ಫೋಟೋ ತೆಗೆದೆ. ಒಬ್ಬಳನ್ನು ಕೇಳಿದೆ.

“ಏನ್ ಮಾಡಾಕತ್ತೀರವ್ವಾ?”

“ಅಡಗಿಗಿ ರೀ.”

ನಾನು ಬರೆದುಕೊಂಡದ್ದು ಆ ಒಂದೇ ಮಾತು. ಒಳಗೆ ಹೋದೆ. ಅಕ್ಕೋರು ಕಡಾಯಿಯ ಮುಂದೆ ನಿಂತಿದ್ದರು. ಹಿಂದಿನ ವಾರದ ಗವಲಿ ಕುದಿಯುತ್ತಿತ್ತು.

“ಬರ್ರಿ ಸರ್, ಸರಿಯಾದ ಹೊತ್ತಿಗೆ ಬಂದ್ರಿ. ಕುಂದರ್ರಿ, ಇದು ಬಿಟ್ಟು ಬರಾಕ ಆಗೂದಿಲ್ಲ, ತಳ ಹಿಡೀತೈತಿ. ಹತ್ತ ನಿಮಿಷ.”

“ಹುಡುಗ್ಯಾರ ಕಡೆಯಿಂದ ಕೆಲಸ ಮಾಡಸ್ತೀರಿ ಅಂತ ಬರದ್ರ ಏನಂತೀರಿ?” ಎಂದು ಬಾಗಿಲಲ್ಲೇ ನಿಂತು ಕೇಳಿದೆ.

ಅವರು ನಕ್ಕರು. ತಮಾಷೆ ಎಂದುಕೊಂಡಿರಬೇಕು. “ಉಂಡ ಮ್ಯಾಲ ಕೇಳ್ರಿ, ಹೇಳ್ತೇನಿ.”

ಎರಡು ನಿಮಿಷ ನಿಂತೆ. ಗಡಿಯಾರ ನೋಡಿದೆ. ಬಸ್ಸಿಗೆ ಹೋದೆ.

ಮಾರನೆಯ ದಿನ ಮೂರು ಕಾಲಂ ಫೋಟೋ, ಕೆಳಗೆ ಎಂಟು ಸಾಲು. ಹಾಸ್ಟೆಲ್ ಹುಡುಗಿಯರಿಂದ ಅಡುಗೆ ಕೆಲಸ ಮಾಡಿಸಲಾಗುತ್ತಿದೆ, ಅಭ್ಯಾಸ ಕುಂಠಿತ. ಕೊನೆಯ ಸಾಲು: ‘ವಾರ್ಡನ್ ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ.’ ಅವರ ಹೆಸರೂ ಇತ್ತು. ‘ಲಭ್ಯರಾಗಲಿಲ್ಲ’ ಎಂದು ಬರೆದಾಗ ನನಗೆ ಸುಳ್ಳು ಬರೆಯುತ್ತಿದ್ದೇನೆ ಎನ್ನಿಸಲಿಲ್ಲ. ನಮ್ಮ ಕಚೇರಿಯಲ್ಲಿ ಆ ಸಾಲು ಸುದ್ದಿಯ ಕೊನೆಗೆ ಚುಕ್ಕಿ ಇಟ್ಟ ಹಾಗೆ ಬೀಳುತ್ತದೆ.

ಟ್ರಸ್ಟಿನವರು ನೋಟಿಸು ಕೊಟ್ಟರು, ವಾರದಲ್ಲಿ ಅವರನ್ನು ಮುದ್ದೇಬಿಹಾಳಕ್ಕೆ ಕಳಿಸಿದರು. ಹುಡುಗಿಯರು ಹಿಟ್ಟು ಮುಟ್ಟಬಾರದೆಂದು ನಾಲ್ಕೂ ಹಾಸ್ಟೆಲ್‌ಗಳಿಗೆ ಸುತ್ತೋಲೆ ಹೋಯಿತು. ಅಕ್ಕೋರನ್ನು ಮುದ್ದೇಬಿಹಾಳದಿಂದ ಇಂಡಿಗೆ, ಇಂಡಿಯಿಂದ ಬಾಗೇವಾಡಿಗೆ ಹಾಕಿದರು. ಮೊದಲಿನಿಂದಲೂ ನಿಲ್ಲದ ಕಾಲಿನವರೆಂದು ಜನ ಅದನ್ನೂ ಅವರ ಸ್ವಭಾವಕ್ಕೇ ಹಚ್ಚಿದರು. ನಾನೂ ಹಾಗೇ ಅಂದುಕೊಂಡು ಸುಮ್ಮನಿದ್ದೆ.

ನಾಲ್ಕು ವರ್ಷ ಕಳೆದ ಮೇಲೆ, ಉಳ್ಳಾಗಡ್ಡಿ ದರದ ಸುದ್ದಿಗೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಕೀಲಿಕೈ ಸದ್ದು. ತಿರುಗಿದೆ. ಅಕ್ಕೋರು, ಕೈಯಲ್ಲಿ ಇಂಡಿಯಿಂದ ತಂದ ನಿಂಬೆಹಣ್ಣಿನ ಚೀಲ.

“ಏನ್ರಿ ಸರ್, ಈಗರ ಪ್ರತಿಕ್ರಿಯೆಗೆ ಸಿಕ್ಕೇನಿಲ್ಲೋ?”

“ಐದಕ್ಕ ಬಸ್ ಐತ್ರಿ ಅಕ್ಕೋರ,” ಎಂದೆ.

“ಬಸ್ ದಿನಾ ಐತಿ. ಬರ್ರಿ.”

ಹಾಸ್ಟೆಲ್‌ನ ಅಡುಗೆಮನೆಗೆ ಕರೆದುಕೊಂಡು ಹೋದರು. ಕಡಾಯಿ ಏರಿಸಿ ಕುಸುಬಿ ಎಣ್ಣೆ ಬಿಟ್ಟರು. ಬಳ್ಳೊಳ್ಳಿ ಜಜ್ಜಿ ಹಾಕಿದರು, ಕೆಂಪಗಾಗಲು ಬಿಡಲಿಲ್ಲ. ಉಳ್ಳಾಗಡ್ಡಿ, ಸಣ್ಣಗೆ ಹೆಚ್ಚಿದ ಬದನೆಕಾಯಿ, ನಾಲ್ಕು ಟೊಮೆಟೊ, ಮುಷ್ಟಿ ತುಂಬ ಬೆಂದ ಕಾಬೂಲಿ ಕಡಲೆ. ಅಂಗೈಯಲ್ಲಿ ಉಜ್ಜಿದ ಚಿಟಿಕೆ ಓಂಕಾಳು. ಒಣ ಗವಲಿಯನ್ನು ಬೇಯಿಸದೆ ಹಾಗೇ ಸುರಿದು, ಅಳತೆಯ ನೀರು ಹೊಯ್ದು, ಸವಟು ನನ್ನ ಕೈಗೆ ಕೊಟ್ಟರು.

“ಹಿಡೀರಿ. ಬಿಡಬ್ಯಾಡ್ರಿ.”

“ಖಾರ ಹಾಕಲಿಲ್ಲಲ್ರಿ?”

“ನೀವೂ ಆ ಹುಡುಗ್ಯಾರಂಗ ಕೇಳ್ತೀರಲ್ಲ. ಅವರು ನಾ ಆ ಕಡೆ ತಿರುಗಿದ್ರ ಖಾರದ ಶೇಂಗಾ ಹಿಂಡಿ ಹಾಕ್ಕೊಂಡು ತಿಂತಿದ್ರು. ಸಮುದ್ರದ ದಂಡಿ ಮ್ಯಾಲಿನವರು ಹಿಂಗ ಖಾರ ತಿನ್ನೂದಿಲ್ಲವಾ ಅಂದ್ರ, ಅಕ್ಕೋರ, ನಮಗ ಸಮುದ್ರ ಎಲ್ಲೈತಿ, ಆಲಮಟ್ಟಿ ಹಿನ್ನೀರ ಐತಿ, ಅದಕ್ಕ ಹಿಂಡಿ ನಡೀತೈತಿ ಅಂತಿದ್ವು ಭಾಡ್ಯಾಗಳು.”

ಹೇಳುತ್ತ ಅವರು ಅಡುಗೆಮನೆಯ ತುಂಬ ಓಡಾಡುತ್ತಿದ್ದರು. ನಾನು ಕದಲುವಂತಿರಲಿಲ್ಲ. ನೀರು ಬಿಳಿಯಾಯಿತು, ಆಮೇಲೆ ಟೊಮೆಟೊ ರಸ ಬಿಟ್ಟು ಕೆಂಪಾಯಿತು, ಗುಳ್ಳೆಗಳು ದೊಡ್ಡವಾದವು. ಐದಾಯಿತು. ಬಸ್ಸಿನ ಹಾರ್ನು ಕೇಳಿಸಿತು. ಸವಟು ನಿಧಾನ ಭಾರವಾಗುತ್ತಿತ್ತು. ಈ ಕೆಲಸವನ್ನು ನಡುವೆ ಬಿಟ್ಟು ಬಾಗಿಲವರೆಗೆ ಬಂದು ಉತ್ತರ ಕೊಡಲು ಯಾರಿಂದಲೂ ಆಗದು ಎಂದು ನನ್ನ ರಟ್ಟೆಗೆ ಗೊತ್ತಾಯಿತು.

“ಈ ಗವಲಿ ಯಾರು ಮಾಡ್ಯಾರ್ರಿ?” ಎಂದೆ.

“ನಾನ. ಹುಡುಗ್ಯಾರು ಮುಟ್ಟಂಗಿಲ್ಲಲ್ಲ. ಕುಂತ ಮಾಡೂ ಕೆಲಸ ಅದು, ನನಗ ಕುಂದ್ರಾಕ ಆಗೂದಿಲ್ಲ. ಅರ್ಧ ನಿಂತ ಮಾಡೇನಿ. ನೋಡ್ರಿ, ಹೆಂಗ ಸೊಟ್ಟ ವಾಕಡಾ ಆಗ್ಯಾವು.”

ಆಮೇಲೆ ಒಲೆಯ ಹತ್ತಿರ ಬಂದು ನಿಂತರು. ಕೀಲಿಕೈ ಸದ್ದು ನಿಂತಿತು.

“ನಾ ಯಾವ ಊರಿಗಿ ಹೋದ್ರೂ ನಿಮ್ಮ ಪೇಪರಿನ ಆ ತುಣುಕು ನನಕಿಂತ ಮೊದಲ ಮುಟ್ಟಿರತೈತ್ರಿ. ಫೈಲಿನ್ಯಾಗ ಪಿನ್ ಹಾಕಿ ಇಟ್ಟಾರ. ಹೊಸಾ ಊರಾಗ ಆ ಫೈಲ್ ತೆರದವರು ಮೊದಲ ನನ್ನ ಕೈ ನೋಡ್ತಾರ, ಇಕಿ ಹುಡುಗ್ಯಾರನ ದುಡಿಸಿಕೊಂಡಾಕಿ ಅಂತ. ನೀವು ನಾಕ ಸಾಲು ಬರದು ಕೊಡ್ರಿ. ಅದರ ಹಿಂದ ಇನ್ನೊಂದು ಪಿನ್ ಹಾಕ್ತೇನಿ. ನನಗ ಬ್ಯಾರೆ ಏನೂ ಬ್ಯಾಡ.”

“ಅಕ್ಕೋರ, ಅಷ್ಟು ಹಳೇ ಸುದ್ದಿಗಿ ಈಗ ಸ್ಪಷ್ಟನೆ ಹಾಕೂ ಪದ್ಧತಿ ಇಲ್ರಿ ನಮ್ಮಲ್ಲಿ.”

“ಸುಳ್ಳು ಹಳೇದಾದ್ರ ಖರೇ ಆಗತೈತೇನ್ರಿ?”

ನಾನು ಸವಟು ಆಡಿಸುತ್ತಲೇ ಇದ್ದೆ. ಅವರು ಒಲೆ ಆರಿಸಿದರು. ನಿಂಬೆಹಣ್ಣಿನ ಸಿಪ್ಪೆಯನ್ನು ಮೇಲೆ ಮೇಲೆ ತುರಿದರು, ಹಣ್ಣು ಹಿಂಡಿದರು, ಹಿತ್ತಲಿನಿಂದ ಕಾಮಕಸ್ತೂರಿಯ ಎಲೆ ತಂದು ಹರಿದು ಹಾಕಿದರು. “ಒಲಿ ಮ್ಯಾಲ ಇದ್ದಾಗ ಹಿಂಡಿದ್ರ ಕಹಿ ಆಗತೈತಿ. ಹುಳಿ ಕಡೀಕ,” ಎಂದರು. ತಾಟಿಗೆ ಹಾಕಿಕೊಟ್ಟರು. ಗವಲಿ ಒಂದೊಂದೂ ಬೇರೆ ಬೇರೆ ಇತ್ತು, ಗೀರುಗಳಲ್ಲಿ ರಸ ನಿಂತಿತ್ತು. ಹೊಟ್ಟೆಗೆ ಭಾರ ಅನ್ನಿಸದ ಊಟ. ನಾನು ಕುಳಿತು ತಿಂದೆ, ಅವರು ನಿಂತು ತಿಂದರು.

ಏಳುವಾಗ “ನೋಡ್ತೇನ್ರಿ” ಎಂದೆ. ನಮ್ಮ ವೃತ್ತಿಯಲ್ಲಿ ಆ ಮಾತಿನ ಅರ್ಥ ಅವರಿಗೂ ಗೊತ್ತಿತ್ತು. ಬಾಗಿಲವರೆಗೆ ಬಂದು ಐದು ನಿಂಬೆಹಣ್ಣು ಕೈಗಿತ್ತರು.

ಬರೆದೆ. ನಾಲ್ಕು ಸಾಲು ಬರೆದು ಮೇಜಿನ ಸೆಳೆಖಾನೆಯಲ್ಲಿಟ್ಟೆ. ಹುಡುಗಿಯರಿಂದ ಕೆಲಸ ಮಾಡಿಸುತ್ತಾರೆ ಎಂದದ್ದು ತಪ್ಪು ತಿಳಿವಳಿಕೆ ಎಂದು ಡೆಸ್ಕಿಗೆ ಹೇಳಬಹುದಿತ್ತು, ಅದು ದೊಡ್ಡದಲ್ಲ. ಕೊನೆಯ ಸಾಲು ಕಷ್ಟ. ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ ಎಂದು ಬರೆದವನು, ಆಕೆ ಎದುರಿಗೇ ಇದ್ದರು ಎಂದು ಈಗ ಬರೆದರೆ, ನಾನು ಆವರೆಗೆ ಬರೆದ ಅಂಥ ಎಲ್ಲ ಸಾಲುಗಳನ್ನೂ ಯಾರಾದರೂ ತಿರುವಿ ನೋಡಬಹುದು. ಅದೇ ಭಯ. ಬೇರೆ ಕಾರಣವಿರಲಿಲ್ಲ. ಆಮೇಲಿನ ಐದು ವರ್ಷಗಳಲ್ಲಿ ಬಾಗೇವಾಡಿಗೆ ಹೋದಾಗಲೆಲ್ಲ ನಿಲ್ದಾಣದ ಹಿಂದಿನ ದಾರಿಯಿಂದ ಹೊರಗೆ ಬರುತ್ತಿದ್ದೆ. ಎಲ್ಲಾದರೂ ಕೀಲಿಕೈ ಅಲುಗಿದರೆ ಇಂದಿಗೂ ಮಾತು ನಿಲ್ಲಿಸಿ ತಿರುಗಿ ನೋಡುತ್ತೇನೆ.

ನಿಧನ ವಾರ್ತೆ ತಂದ ಶಿಕ್ಷಕಿ ಇನ್ನೂ ಮೇಜಿನ ಮುಂದೆ ನಿಂತಿದ್ದರು.

“ಕುಂದರ್ರಿ,” ಎಂದೆ.

“ಬ್ಯಾಡ್ರಿ. ಅಕ್ಕೋರ ಚಟ ನನಗೂ ಹತ್ತೈತಿ.” ಆಮೇಲೆ ಹೇಳಿದರು: “ಆವತ್ತು ನಿಮಗ ‘ಅಡಗಿಗಿ ರೀ’ ಅಂದಾಕಿ ನಾನ. ಇನ್ನೊಂದ ಮಾತು ಕೇಳ್ತೀರಿ ಅಂದ್ಕೊಂಡಿದ್ನಿ. ಇದರ ಹೆಸರು ಏನು ಅಂತ ಕೇಳ್ತೀರಿ, ಪಾಸ್ತಾ ಅಂತ ಹೇಳಬೇಕು ಅಂತ ಬಾಯಾಗ ಹಿಡಕೊಂಡ ಕುಂತಿದ್ನಿ. ನೀವು ಹೋಗೇ ಬಿಟ್ರಿ. ಅಕ್ಕೋರಿಗಿ ಊರು ಬಿಡಿಸಿದಾಗ, ನಾ ಸರಿಯಾಗಿ ಹೇಳಲಿಲ್ಲ, ನನ್ನಿಂದ ಆತು ಅಂತ ವಾರಗಟ್ಟಲೆ ಅತ್ತೇನಿ.”

“ಅಕ್ಕೋರು ಏನಂದ್ರು?”

“ನೀ ಖರೇನ ಹೇಳೀದಿ ಹುಚ್ಚಿ, ಕೇಳಾವರಿಗಿ ಬಸ್ ಇತ್ತು, ಅಂದ್ರು.”

ನಾನು ಸೆಳೆಖಾನೆ ಎಳೆದೆ. ಹಾಳೆ ಅಲ್ಲಿಯೇ ಇತ್ತು, ಅಂಚು ಹಳದಿಯಾಗಿತ್ತು.

“ಈಗ ಹಾಕಿ ಏನುಪಯೋಗ ಅಂತ ಕೇಳಬ್ಯಾಡ್ರಿ,” ಎಂದರು ಆಕೆ, ನಾನು ಏನೂ ಕೇಳುವ ಮೊದಲೇ. “ನಾಕ ಸಾಲಿನ ಮಾತು ಅಕ್ಕೋರು ನನಗ ಹೇಳಿದ್ರು. ಫೈಲ್ ಇನ್ನೂ ಬಾಗೇವಾಡ್ಯಾಗ ಐತಿ. ಪಿನ್ ಹಾಕಾಕ ಜಾಗಾನೂ ಐತಿ. ಸುತ್ತೋಲಿ ಇನ್ನೂ ಗ್ವಾಡಿ ಮ್ಯಾಲ ಐತಿ. ಹಾಸ್ಟೆಲ್‌ನ ನಮ್ಮ ಹುಡುಗ್ಯಾರು ಇನ್ನೂ ಆರಿದ ರೊಟ್ಟಿ ತಿಂತಾರ.”

ನಿಧನ ವಾರ್ತೆ ಮರುದಿನ ಆರು ಸಾಲಿನಲ್ಲಿ ಬಂತು. ‘ಅಪಾರ’ವನ್ನು ಹೊಡೆಯಲಿಲ್ಲ. ಹಳೆಯ ಸುದ್ದಿಗೆ ಸ್ಪಷ್ಟನೆ ಹಾಕುವ ಪದ್ಧತಿ ನಮ್ಮಲ್ಲಿ ಈಗಲೂ ಇಲ್ಲವಾದ್ದರಿಂದ, ಆ ಹಾಳೆಯಲ್ಲಿದ್ದುದನ್ನು, ವರ್ಷದ ಲೆಕ್ಕ ಮಾತ್ರ ತಿದ್ದಿ, ಈ ಬರಹದ ಕೊನೆಗೆ ಇಡುತ್ತಿದ್ದೇನೆ. ಕತ್ತರಿಸಿ ಪಿನ್ ಹಾಕಲು ಅನುಕೂಲವಾಗುವಂತೆ ಅಳತೆಯಲ್ಲಿಯೇ ಇದೆ.

ಸ್ಪಷ್ಟನೆ: ಸಿಂದಗಿಯ ಹಾಸ್ಟೆಲ್ ಕುರಿತು ಒಂಬತ್ತು ವರ್ಷಗಳ ಹಿಂದೆ ಪ್ರಕಟವಾದ ವರದಿಯಲ್ಲಿ, ಹುಡುಗಿಯರಿಂದ ಅಡುಗೆ ಕೆಲಸ ಮಾಡಿಸಲಾಗುತ್ತಿದೆ ಎಂದಿದ್ದು ತಪ್ಪು. ಅವರು ತಾವು ಉಣ್ಣುವ ಗವಲಿಯನ್ನು ತಾವೇ ಇಷ್ಟಪಟ್ಟು ಒತ್ತುತ್ತಿದ್ದರು. ವಾರ್ಡನ್ ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ ಎಂದಿದ್ದೂ ತಪ್ಪು. ಅವರು ಲಭ್ಯರಿದ್ದರು. ಕಡಾಯಿಯ ಮುಂದೆ ನಿಂತು, ಹತ್ತು ನಿಮಿಷ ಕುಳಿತುಕೊಳ್ಳಲು ಹೇಳಿದ್ದರು. ವರದಿಗಾರ ಕುಳಿತುಕೊಳ್ಳಲಿಲ್ಲ.